ನೆರಳಿಗೆ ಗಿಡ ಆರಿಸುವ ಮುನ್ನ ನೆರಳನ್ನು ಅಳೆಯಿರಿ

ಬೆಂಗಳೂರಿನ ಮೂವತ್ತು–ನಲವತ್ತರ ನಿವೇಶನಗಳಲ್ಲಿ ಮನೆಗೂ ಕಾಂಪೌಂಡಿಗೂ ನಡುವೆ ಉಳಿಯುವ ಮೂರಡಿ ಓಣಿಯಲ್ಲಿ ಗುಲಾಬಿಯನ್ನೋ ದಾಸವಾಳವನ್ನೋ ನೆಟ್ಟು, ಅದು ಸೊರಗಿ ಉದ್ದಕ್ಕೆ ಬೆಳೆದು ಹೂ ಬಿಡದಿದ್ದಾಗ ಗೊಬ್ಬರ ಸುರಿಯುವವರೇ ಹೆಚ್ಚು. ಬಿಸಿಲಿನ ಕೊರತೆಯನ್ನು ಗೊಬ್ಬರ ತುಂಬಿಕೊಡದು.

ಮೊದಲು, ರಜೆಯ ದಿನವೊಂದರಲ್ಲಿ ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ಬಿಸಿಲಿನ ಅಂಚನ್ನು ಸೀಮೆಸುಣ್ಣದಿಂದ ಗುರುತಿಸಿ. ಇದನ್ನು ಡಿಸೆಂಬರಿನಲ್ಲೊಮ್ಮೆ, ಮೇ ತಿಂಗಳಲ್ಲೊಮ್ಮೆ ಮಾಡಬೇಕು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೆ ಸರಿದಿರುತ್ತಾನೆ. ಹೀಗಾಗಿ ಚಳಿಗಾಲದಲ್ಲಿ ದಿನವಿಡೀ ತಂಪಾಗಿರುವ ಉತ್ತರದ ಗೋಡೆಯ ಬುಡಕ್ಕೆ ಬೇಸಿಗೆಯಲ್ಲಿ ಬಿಸಿಲು ಬೀಳುತ್ತದೆ. ಅಂಥ ಜಾಗವನ್ನು ನಂಬಿ ಡಿಸೆಂಬರಿನಲ್ಲಿ ನಾನಿಟ್ಟ ಜರಿಗಿಡದ ಎಲೆಗಳು ಮೇ ತಿಂಗಳಲ್ಲಿ ಸುಟ್ಟ ಹಪ್ಪಳದಂತಾಗಿ, ಮುಟ್ಟಿದರೆ ಪುಡಿಯಾಗುತ್ತಿದ್ದವು.

ಎರಡನೆಯದಾಗಿ, ಮಣ್ಣಿಗೆ ಬೆರಳನ್ನು ಎರಡು ಗೆಣ್ಣಿನಷ್ಟು ಇಳಿಸಿ ತೇವ ನೋಡಿ. ಕಿಟಕಿಯ ಮೇಲಿನ ಸಜ್ಜಾದ ಕೆಳಗೆ ಮಳೆ ಬೀಳುವುದಿಲ್ಲ. ಮಾವಿನ ಬುಡದಲ್ಲಿ ಬಿದ್ದ ನೀರನ್ನು ಮರದ ಬೇರುಗಳೇ ಹೀರುತ್ತವೆ. ಇಂಥ ಒಣ ನೆರಳಿಗೆ ಸ್ನೇಕ್ ಪ್ಲಾಂಟ್ ಸಾಕು, ಅದು ಹೆಚ್ಚು ಉಪಚಾರ ಬೇಡುವುದಿಲ್ಲ. ನಲ್ಲಿಯ ಪಕ್ಕದಂತಹ ತೇವದ ನೆರಳಿನಲ್ಲಿ ಕೆಸು, ಒಂದೆಲಗ ಹುಲುಸಾಗಿ ಬರುತ್ತವೆ. ಆದರೆ ಸೋಪಿನ ನೀರು ಹರಿಯುವಲ್ಲಿ ತಿನ್ನುವ ಸೊಪ್ಪು ಬೇಡ.

ಬೆಳಗಿನ ಎಳೆಬಿಸಿಲು ಎರಡು ಮೂರು ಗಂಟೆ ಸಿಗುವ ಜಾಗವಿದ್ದರೆ ಆಯ್ಕೆ ಹಿಗ್ಗುತ್ತದೆ. ಅಲ್ಲಿ ಕನಕಾಂಬರ, ಕರ್ಣಕುಂಡಲ, ದೊಡ್ಡಪತ್ರೆ, ಅರಿಶಿನ ಎಲ್ಲವೂ ಬದುಕುತ್ತವೆ. ನನ್ನನ್ನು ಕೇಳಿದರೆ ಮೊದಲ ಸ್ಥಾನ ವೀಳ್ಯದೆಲೆಗೆ. ಎಲೆತೋಟದಲ್ಲಿ ಅಗಸೆ ಮರದ ನೆರಳಿನಲ್ಲೇ ಹಬ್ಬುವ ಈ ಬಳ್ಳಿಗೆ ಎಲೆಗಳ ನಡುವೆ ಸೋಸಿ ಬರುವ ಬೆಳಕು, ಆತುಕೊಳ್ಳಲು ಒರಟು ಕಂಬ, ನೀರು ನಿಲ್ಲದ ತೇವದ ಮಣ್ಣು ಇದ್ದರೆ ಸಾಕು. ಪೂಜೆಗೆ, ಊಟದ ನಂತರದ ತಾಂಬೂಲಕ್ಕೆ ಎಲೆ ಮನೆಯಲ್ಲೇ ಸಿಗುತ್ತದೆ.

ನರ್ಸರಿಯಲ್ಲಿ ಬಿಳಿ ಪಟ್ಟೆಯ ಎಲೆಗಳಿಗೆ ಮರುಳಾಗುವುದು ಸಹಜ. ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲದಿರುವುದರಿಂದ ಅವುಗಳಿಗೆ ಹಸಿರು ಜಾತಿಗಿಂತ ಹೆಚ್ಚು ಬೆಳಕು ಬೇಕು. ಇಂಥ ಬಿಳಿ ಮಚ್ಚೆಯ ಎಲೆಗಳಿರುವ ಡೈಫೆನ್‌ಬೇಕಿಯಾ ಗಿಡದ ಎಲೆಯನ್ನು ಅಗಿದರೆ ಬಾಯಿ ಉರಿದು ನಾಲಿಗೆ ಊದಿಕೊಳ್ಳುತ್ತದೆ. ಅಂಬೆಗಾಲಿಡುವ ಮಕ್ಕಳಿರುವ ಮನೆಗೆ ಅದನ್ನು ತರಬೇಡಿ.

ನೆಟ್ಟ ಮೇಲೆ ನೀರು ಹಾಕುವಾಗ ಕೈ ಬಿಗಿಯಿರಲಿ. ನೆರಳಿನ ಮಣ್ಣು ನಿಧಾನವಾಗಿ ಆರುತ್ತದೆ. ಮಳೆಗಾಲದಲ್ಲಿ ಮೇಲ್ಮಣ್ಣು ಒಣಗುವವರೆಗೆ ಕೊಳಾಯಿ ಮುಟ್ಟುವುದೇ ಬೇಡ.