ಕಬ್ಬನ್ ಪಾರ್ಕ್ ಪ್ರತಿಮೆಗಳ ಜಾಡಿನಲ್ಲಿ ಬೆಂಗಳೂರಿನ ಇತಿಹಾಸ

ಭಾನುವಾರ ಬೆಳಗ್ಗೆ ಹೋಗಿ, ಅಂದು ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ. ಆದರೆ ಭಾನುವಾರ ಮೆಟ್ರೊ ತಡವಾಗಿ ಶುರುವಾಗುತ್ತದೆ, ಸಮಯ ನೋಡಿಕೊಳ್ಳಿ.

ಕಸ್ತೂರಬಾ ರಸ್ತೆಯ ತುದಿಯಲ್ಲಿರುವ ವಿಕ್ಟೋರಿಯಾ ಪ್ರತಿಮೆಯಿಂದ (1906) ಆರಂಭಿಸಿ. ಕಂಟೋನ್ಮೆಂಟ್ (ಬ್ರಿಟಿಷರ ದಂಡು ಪ್ರದೇಶ) ಮತ್ತು ಮೈಸೂರು ಸಂಸ್ಥಾನದ ಗಡಿ ಇದ್ದದ್ದು ಇಲ್ಲೇ. ಇಲ್ಲಿ ಅವಸರ ಬೇಡ: ಶಿಲ್ಪಿ ಥಾಮಸ್ ಬ್ರಾಕ್ ಅಮೃತಶಿಲೆಯಲ್ಲಿ ಕಡೆದ ಉಡುಪಿನ ನೆರಿಗೆ, ಕೈಯಲ್ಲಿರುವ ಗೋಳ, ರಾಜದಂಡ ಎಲ್ಲವನ್ನೂ ಸುತ್ತುಹಾಕಿ ನೋಡಿ. ಬಿಸಿಲೇರಿದ ಮೇಲೆ ಬಿಳಿ ಕಲ್ಲು ಫೋಟೊದಲ್ಲಿ ಸುಣ್ಣ ಬಳಿದಂತೆ ಬರುತ್ತದೆ. ಮೊಬೈಲಿನಲ್ಲಿ ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ. ಪೀಠದ ಅಕ್ಷರ ಮಸುಕಾಗಿದ್ದರೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ನೆರಳಿನಿಂದ ಓದಲು ಬರುತ್ತದೆ. ಸೀಮೆಸುಣ್ಣ ಮಾತ್ರ ಉಜ್ಜಲೇಬೇಡಿ, ಕಲ್ಲು ಹಾಳಾಗುತ್ತದೆ.

ಸಮೀಪದ ಏಳನೇ ಎಡ್ವರ್ಡ್ ಪ್ರತಿಮೆ (1919) ನೋಡಿಕೊಂಡು ಒಳಗೆ ನಡೆಯಿರಿ. ಕೆಂಪು ಗ್ರಂಥಾಲಯದ ಮುಂದೆ ಶೇಷಾದ್ರಿ ಅಯ್ಯರ್, ಕೊಳದ ಬಳಿ ಚಾಮರಾಜೇಂದ್ರ ಒಡೆಯರ್. ಹಳೆಯ ಮಾರ್ಗದರ್ಶಿ ನಂಬಿ ಮಾರ್ಕ್ ಕಬ್ಬನ್ ಅವರನ್ನು ಹೈಕೋರ್ಟ್ ಆವರಣದಲ್ಲಿ ಹುಡುಕಬೇಡಿ. ಶಿಲ್ಪಿ ಮಾರೊಕೆಟ್ಟಿ ಮಾಡಿದ ಆ ಕುದುರೆಸವಾರ ಪ್ರತಿಮೆ 2020ರಲ್ಲಿ ಪಾರ್ಕಿನೊಳಗೆ ಬಂದಿದೆ.

ಪ್ರತಿಮೆ ಸ್ಥಾಪಿಸಿದ ವರ್ಷಕ್ಕಿಂತ ಆಳಿದ ಕಾಲದ ಕ್ರಮದಲ್ಲಿ ಮನಸ್ಸಿನಲ್ಲಿ ಜೋಡಿಸಿಕೊಳ್ಳುವುದೇ ಲೇಸು: 1861ರವರೆಗೆ ಮೈಸೂರಿನ ಬ್ರಿಟಿಷ್ ಕಮಿಷನರ್ ಆಗಿದ್ದ ಕಬ್ಬನ್, 1881ರಲ್ಲಿ ಬ್ರಿಟಿಷರಿಂದ ಅಧಿಕಾರ ಮರಳಿ ಪಡೆದ ಒಡೆಯರ್, 1883ರಿಂದ ದಿವಾನರಾದ ಶೇಷಾದ್ರಿ ಅಯ್ಯರ್. ಹೈಕೋರ್ಟ್ ಕಡೆ ಕ್ಯಾಮೆರಾ ತಿರುಗಿಸುವ ಮೊದಲು ಭದ್ರತಾ ಸಿಬ್ಬಂದಿಯನ್ನು ಕೇಳಿ.