ಮುಕ್ತಕ: ಕೊನೆಯ ಸಾಲಿನಿಂದ ಮೊದಲು

ಬದುಕಿನ ಬಗ್ಗೆ ನಾಲ್ಕು ಸಾಲಿನ ಮುಕ್ತಕ, ಅಂದರೆ ತನ್ನಷ್ಟಕ್ಕೆ ತಾನೇ ಪೂರ್ಣವಾದ ಬಿಡಿ ಪದ್ಯ, ಬರೆಯುವಾಗ ನಾನು ನಾಲ್ಕನೆಯ ಸಾಲನ್ನೇ ಮೊದಲು ಬರೆಯುತ್ತೇನೆ. ಭಾರ ಬೀಳುವುದು ಅಲ್ಲಿ. ಅದು ಗಟ್ಟಿಯಿಲ್ಲದಿದ್ದರೆ ಮೇಲಿನ ಮೂರು ಸಾಲು ಕಟ್ಟಿ ಪ್ರಯೋಜನವಿಲ್ಲ.

ಅಳತೆ ಹೀಗೆ: ಅಕ್ಷರ ನುಡಿಯಲು ಹಿಡಿಯುವ ಕಾಲದ ಎಣಿಕೆಯೇ ಮಾತ್ರೆ; ಐದು ಮಾತ್ರೆಗೊಂದು ಗಣ. 1 ಮತ್ತು 3ನೇ ಸಾಲಿಗೆ ನಾಲ್ಕು ಗಣ, ಅಂದರೆ 20 ಮಾತ್ರೆ. 2 ಮತ್ತು 4ನೇ ಸಾಲಿಗೆ ಮೂರು ಗಣ, ಬಾಲಕ್ಕೆ ಮೂರು ಮಾತ್ರೆ, ಒಟ್ಟು 18. ಲಘುವಿಗೆ (ಹ್ರಸ್ವಾಕ್ಷರಕ್ಕೆ) ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘ, ಅನುಸ್ವಾರ, ಒತ್ತಕ್ಷರದ ಹಿಂದಿನ ಅಕ್ಷರ, ಇವು ಗುರು. ಕಾಸರಗೋಡಿನ ಬಾಯಾರು, ಎಣ್ಮಕಜೆ ಕಡೆಯ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗಗಳ ಬಗ್ಗೆ ಕಟ್ಟಿದ ಮುಕ್ತಕವೊಂದನ್ನೇ ಬಿಚ್ಚಿ ತೋರಿಸುತ್ತೇನೆ.

ಗುಡ್ಡದೊಡಲನು ಬಗೆದು ಹಾರೆ ಪಿಕ್ಕಾಸಿನಲಿ
ಅಡ್ಡಬಂದಿತು ಬಂಡೆ, ತಿರುವಿದರು ದಾರಿ
ದುಡ್ಡು ಮುಗಿಯಿತು; ಒಳಗೆ ಗೋಡೆಗೂ ಮೈಬೆವರು
ಒಡ್ಡಿದರು ಹಾಳೆಯನು, ಹನಿಯ ನಂಬಿದರು

ಕೊನೆಯ ಸಾಲು ಒಡೆದರೆ: ಒಡ್ಡಿದರು | ಹಾಳೆಯನು | ಹನಿಯ ನಂ | ಬಿದರು. ಐದು, ಐದು, ಐದು, ಮೂರು. ‘ಒಡ್ಡಿದರು’ ಸಿಕ್ಕಿದ ಮೇಲೆ ಪ್ರತಿ ಸಾಲಿನ ಎರಡನೆಯ ಅಕ್ಷರದ ಪ್ರಾಸ ‘ಡ್ಡ’ ಎಂದು ತೀರ್ಮಾನವಾಯಿತು. ಆಗ ಕಾಗದದ ಅಂಚಿನಲ್ಲಿ ಗುಡ್ಡ, ಅಡ್ಡ, ದುಡ್ಡು, ದೊಡ್ಡ, ಗಡ್ಡ ಎಂದು ಸಾಲಾಗಿ ಬರೆದುಕೊಳ್ಳುವುದು. ಇವು ಮುಟ್ಟಿದರೆ ಕೈಗೆ ಸಿಗುವ ಮಾತುಗಳು. ಅದೇ ‘ಷ್ಟ’ ಆರಿಸಿದ್ದರೆ? ಕಷ್ಟ, ಇಷ್ಟ, ನಷ್ಟ, ದುಷ್ಟ. ಮೆದ್ದ ಸೊಪ್ಪನ್ನೇ ಮತ್ತೆ ಮೆಲ್ಲಬೇಕು. ಮಂಜೇಶ್ವರದ ಕವಿ ಗೋವಿಂದ ಪೈಗಳು ಈ ದ್ವಿತೀಯಾಕ್ಷರ ಪ್ರಾಸವನ್ನು 1911ರಲ್ಲೇ ಬಿಟ್ಟರು. ನೀಳ್ಗವನಕ್ಕೆ ಅದು ಬೇಡವೇ ಬೇಡ. ಮುಕ್ತಕ ಮಾತ್ರ ಬಾಯಿಂದ ಬಾಯಿಗೆ ಹೋಗಬೇಕಾದದ್ದು, ನೆನಪಿಗೆ ಹಿಡಿಕೆ ಬೇಕು ಎಂದು ನಾನು ಇಟ್ಟುಕೊಂಡಿದ್ದೇನೆ. ಪ್ರಾಸಕ್ಕಾಗಿ ಸುಳ್ಳು ಪದ ತರಬೇಕಾದಾಗ ಪ್ರಾಸವನ್ನೇ ಬಿಡುತ್ತೇನೆ.

ಹೆಚ್ಚಿನವರು ಎಡವುವುದು ಗಣದ ಬಾಗಿಲಲ್ಲಿ. ಗಣದ ಮೊದಲಿಗೆ ಲಘುವಿನ ಬೆನ್ನಿಗೇ ಗುರು ಬಂದರೆ ನಡೆ ಮುಗ್ಗರಿಸುತ್ತದೆ. ನಿರಾಶೆ, ವಿಷಾದ, ಪ್ರಯತ್ನ, ಸ್ವಭಾವ, ವಿಚಾರ: ಬದುಕಿನ ಬಗ್ಗೆ ಬರೆಯಹೊರಟರೆ ತಾವಾಗಿ ನುಗ್ಗುವ ಈ ಮಾತುಗಳೆಲ್ಲ ಅದೇ ಅಚ್ಚಿನವು! ಬೇಕೇ ಬೇಕೆಂದರೆ ಹಿಂದೆ ಎರಡು ಮಾತ್ರೆಯ ಪದ ಹಾಕಿ (ಆ ವಿಚಾ | ರ), ಇಲ್ಲವೆ ನಾಲ್ಕು ಮಾತ್ರೆಯದು. ಮೂರು ಹಾಕಿದರೆ ‘ಚಾ’ ಎರಡು ಗಣಗಳ ನಡುವೆ ಸೀಳುತ್ತದೆ. ನಾನಂತೂ ಪದವನ್ನೇ ತೆಗೆದು ಹಾರೆ, ಬಂಡೆ ಇಡುತ್ತೇನೆ.

ಮಾತ್ರೆ ಸರಿಯಿದ್ದ ಮಾತ್ರಕ್ಕೆ ಸಾಲು ಬದುಕುವುದಿಲ್ಲ. ‘ಕಷ್ಟಗಳ ಸಹಿಸಿದರೆ ಸುಖವು ಬರುವುದು ಮುಂದೆ’. ಎಣಿಸಿ ನೋಡಿ, ಸರಿಯಾಗಿ 20. ಒಳಗೆ ಏನೂ ಇಲ್ಲ. ಯಾರು, ಎಲ್ಲಿ, ಕೈಯಲ್ಲಿ ಏನಿತ್ತು ಎಂಬ ಮೂರು ಪ್ರಶ್ನೆಗೆ ಉತ್ತರ ಕೊಡದ ಸಾಲನ್ನು ಹೊಡೆದುಹಾಕುತ್ತೇನೆ. ಮೇಲಿನ ನಾಲ್ಕರಲ್ಲಿ ಎರಡನೆಯದು ಬಡಕಲು, ಗೊತ್ತು. ಬಂಡೆ ಸಿಕ್ಕಿದಾಗ ಸುರಂಗ ತಿರುಗುವುದು ನಿಜವಾದ್ದರಿಂದ ಉಳಿದಿದೆ.

ಬರೆದದ್ದನ್ನು ಮೂರು ದಿನ ಮುಟ್ಟುವುದಿಲ್ಲ. ಆಮೇಲೆ ತೊಡೆ ತಟ್ಟುತ್ತ ಗಟ್ಟಿಯಾಗಿ ಓದುವುದು. ಆಡುಮಾತು ನುಸುಳುವುದು ಆಗ ತಿಳಿಯುತ್ತದೆ: ‘ಮುಗಿಯಿತು’, ‘ಮುಗೀತು’ ಎರಡಕ್ಕೂ ನಾಲ್ಕೇ ಮಾತ್ರೆ, ಆದರೆ ಎರಡನೆಯದು ಗಣದ ತಲೆಗೆ ಬಂದರೆ ಅದೇ ಮುಗ್ಗರಿಕೆ.

ಊರಿನ ಪದಗಳದ್ದು ಬೇರೆ ತಕರಾರು. ನಮಗೆ ಹಾಳೆ ಎಂದರೆ ಅಡಿಕೆಮರದ್ದು, ಬಯಲುಸೀಮೆಯವರಿಗೆ ಕಾಗದ. ‘ಅಡಿಕೆ’ ಸೇರಿಸಿದರೆ ಮೂರು ಮಾತ್ರೆ ಹೆಚ್ಚು. ಖಾಲಿ ಕಾಗದ ಒಡ್ಡಿ ಹನಿಗಾಗಿ ಕೂತವರ ಚಿತ್ರವೂ ಬರುತ್ತದಲ್ಲ ಎಂದು ಹಾಗೇ ಬಿಟ್ಟಿದ್ದೇನೆ.