ಫಿಲಿಪೀನ್ಸ್‌ನ ಕರಿಂಡೇರಿಯಾದಲ್ಲಿ ಊಟ ಮಾಡೋದು ಹೇಗೆ: ಬೆರಳು ತೋರಿಸಿ, ಅಕ್ಕನನ್ನು ಕೇಳಿ

ಫಿಲಿಪೀನ್ಸ್‌ನ ದಾವಾವ್ ನಗರಕ್ಕೆ ಮೆಡಿಕಲ್ ಓದೋಕೆ ಹೋಗುವ ನಮ್ಮ ಕಡೆಯ ಮಕ್ಕಳಿದ್ದಾರೆ. 2025ರ ಜೂನ್‌ನಿಂದ ಭಾರತದವರು 14 ದಿನ ವೀಸಾ ಇಲ್ಲದೆ ಹೋಗಬಹುದು ಅಂತ ಆದ ಮೇಲೆ ಸುತ್ತಾಡೋಕೆ ಹೋಗುವವರೂ ಇದ್ದಾರೆ. ಎಲ್ಲರೂ ನನ್ನನ್ನು ಕೇಳೋದು ಒಂದೇ, "ಅಲ್ಲಿ ಊಟಕ್ಕೆ ಏನು ಮಾಡ್ತೀರಿ?" ನಾನು ಎರಡು ವರ್ಷ ಮನಿಲಾ ಪಕ್ಕದ ಕೆಝೋನ್ ಸಿಟಿಯಲ್ಲಿ ಕೆಲಸ ಮಾಡಿದೆ. ಮಧ್ಯಾಹ್ನದ ಊಟ ಆಫೀಸಿನ ಹಿಂದಿನ ಓಣಿಯ ಒಂದು ಕರಿಂಡೇರಿಯಾದಲ್ಲಿ. ಮೊದಲ ಎರಡು ವಾರ ಬಹಳ ಬೇಜಾರಾಯಿತು. ಊಟ ಕೆಟ್ಟದಾಗಿತ್ತು ಅಂತಲ್ಲ, ಅಲ್ಲಿ ಹೇಗೆ ನಡೆದುಕೊಳ್ಳಬೇಕು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕರಿಂಡೇರಿಯಾ ಅಂದರೆ ನಮ್ಮ ಖಾನಾವಳಿ ಇದ್ದ ಹಾಗೆ. ಬಹಳ ಕಡೆ ಯಾರದೋ ಮನೆಯ ಮುಂಭಾಗವೇ ಹೋಟೆಲು. ಮೇಲೆ ತಗಡು, ಕೆಳಗೆ ಉದ್ದನೆಯ ಬೆಂಚು, ಮೇಜಿನ ಮೇಲೆ ಹೂವಿನ ಪ್ಲಾಸ್ಟಿಕ್ ಹಾಳೆ. ಆ ಹೆಸರಿನಲ್ಲಿರುವ "ಕರಿ" ನಮ್ಮ ಕಡೆಯದೇ ಅಂತ ಅಲ್ಲಿನವರು ಹೇಳುತ್ತಾರೆ. 1762ರಲ್ಲಿ ಬ್ರಿಟಿಷರು ಮನಿಲಾ ಹಿಡಿದಾಗ ಮದ್ರಾಸಿನಿಂದ ಸಿಪಾಯಿಗಳನ್ನು ಕರೆದುಕೊಂಡು ಹೋಗಿದ್ದರು. ಎರಡು ವರ್ಷದ ಮೇಲೆ ಬ್ರಿಟಿಷರು ವಾಪಸ್ ಹೊರಟರೂ ಕೆಲವರು ಕೈಂತಾ ಎಂಬ ಊರಿನಲ್ಲೇ ಉಳಿದುಬಿಟ್ಟರು. ಅವರ ವಂಶದವರು ಈಗಲೂ ಅಲ್ಲಿದ್ದಾರೆ.

ಮೊದಲ ವಿಷಯ, ಅಲ್ಲಿ ಮೆನು ಕಾರ್ಡ್ ಇರುವುದಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಟ್ರೇಗಳು, ಇಲ್ಲವಾದರೆ ಸಾಲಾಗಿ ಮುಚ್ಚಳ ಹಾಕಿದ ಪಾತ್ರೆಗಳು. ನೀವು ಬೆರಳು ತೋರಿಸಬೇಕು, ಅವರು ಬಡಿಸಬೇಕು. ಇದಕ್ಕೆ ತುರೊ-ತುರೊ ಅಂತಲೇ ಹೆಸರು, ತುರೊ ಅಂದರೆ ತೋರಿಸು. ಮುಚ್ಚಳಗಳು ನಿಮ್ಮ ಕಡೆಗಿದ್ದರೆ ಎತ್ತಿ ನೋಡಬಹುದು, ಯಾರೂ ಬೈಯುವುದಿಲ್ಲ, ಎಲ್ಲರೂ ಹಾಗೇ ಮಾಡುತ್ತಾರೆ. ನೋಡಿದ ಮೇಲೆ ಸರಿಯಾಗಿ ಮುಚ್ಚಿ. ನಾನು ಮೊದಲ ದಿನ ಸುಮ್ನೆ ಬೆಂಚಿನ ಮೇಲೆ ಹೋಗಿ ಕೂತೆ, ಯಾರಾದರೂ ಬಂದು ಕೇಳುತ್ತಾರೆ ಅಂದುಕೊಂಡೆ. ಇಪ್ಪತ್ತು ನಿಮಿಷ ಯಾರೂ ಬರಲಿಲ್ಲ.

ಕರೆಯುವುದು ಹೇಗೆ? ಮನಿಲಾ ಕಡೆಯ ತಗಲಾಗ್ ಭಾಷೆಯಲ್ಲಿ ಹೆಂಗಸಾದರೆ "ಆತೆ", ಅಂದರೆ ಅಕ್ಕ. ನಮ್ಮ ಅತ್ತೆಗೂ ಅದಕ್ಕೂ ಸಂಬಂಧವಿಲ್ಲ. ಗಂಡಸಾದರೆ "ಕುಯಾ", ಅಣ್ಣ. ವಯಸ್ಸಾದವರಾದರೆ "ನನಾಯ್", ಅಮ್ಮ. ಮಾತಿನ ಕೊನೆಗೆ "ಪೊ" ಸೇರಿಸಿ. ನಾವು ಕೊಡಿ, ಹೇಳಿ, ಬನ್ನಿ ಅಂತ ಬಹುವಚನದಲ್ಲಿ ಕೊಡುವ ಮರ್ಯಾದೆಯನ್ನು ಅವರು ಆ ಒಂದು ಪೊದಲ್ಲಿ ಕೊಡುತ್ತಾರೆ. "ಆತೆ, ಪಬಿಲಿ ಪೊ" ಅಂದರೆ "ಅಕ್ಕಾ, ಸ್ವಲ್ಪ ಕೊಡಿ" ಅನ್ನುವ ಹಾಗೆ. ಬೆಲೆ ಕೇಳೋಕೆ "ಮಗ್ಕಾನೊ ಪೊ?" ಇಂಗ್ಲಿಷ್ ಬಹಳ ಜನರಿಗೆ ಅರ್ಥವಾಗುತ್ತದೆ, ಅದರಲ್ಲೇ ಕೆಲಸ ನಡೆಯುತ್ತದೆ. ಆದರೆ ಈ ಎರಡು ಮಾತು ಬಾಯಿಗೆ ಬಂದ ದಿನದಿಂದ ನನಗೆ ಬಡಿಸುವ ಕೈಯೇ ಬದಲಾಯಿತು.

ಊಟದ ಲೆಕ್ಕ ನಮ್ಮದೇ. ಕಾನಿನ್ ಅಂದರೆ ಅನ್ನ. ಉಲಾಮ್ ಅಂದರೆ ಅನ್ನದ ಜೊತೆಗಿನದು. "ನೆಂಚಿಕೊಳ್ಳೋಕೆ ಏನಿದೆ" ಅಂತ ನಾವು ಕೇಳುತ್ತೇವಲ್ಲ, ಅದೇ. ಅನ್ನವನ್ನು ಕಪ್ಪಿನಲ್ಲಿ ಒತ್ತಿ ತಟ್ಟೆಗೆ ಬೋರಲು ಹಾಕುತ್ತಾರೆ. ನಮ್ಮವರಿಗೆ ಒಂದು ಕಪ್ಪು ಸಾಲದು, ಎರಡು ಹೇಳಿ. ಉಲಾಮ್ ಅರ್ಧ ಆರ್ಡರ್ ಕೂಡ ಬಹಳ ಕಡೆ ಕೊಡುತ್ತಾರೆ. ಹೊಸಬರು ಒಂದು ಪೂರ್ತಿ ತೆಗೆದುಕೊಳ್ಳುವ ಬದಲು ಎರಡು ಅರ್ಧ ತೆಗೆದುಕೊಂಡರೆ ಯಾವುದು ಹಿಡಿಸುತ್ತದೆ ಅಂತ ಬೇಗ ಗೊತ್ತಾಗುತ್ತದೆ. ಚಮಚ, ಫೋರ್ಕು ಬಿಸಿನೀರಿನ ಡಬ್ಬದಲ್ಲಿ ಇರುತ್ತವೆ, ನೀವೇ ತೆಗೆದುಕೊಳ್ಳಿ. ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕು. ಕೈಯಲ್ಲೇ ತಿಂದರೂ ಯಾರಿಗೂ ವಿಚಿತ್ರ ಅನಿಸುವುದಿಲ್ಲ, ಅವರಲ್ಲೂ ಆ ರೂಢಿ ಇದೆ. ಅದಕ್ಕೆ ಕಮಾಯನ್ ಅನ್ನುತ್ತಾರೆ. ತಟ್ಟೆಯ ಮೇಲೆ ಪ್ಲಾಸ್ಟಿಕ್ ಚೀಲ ಹೊದಿಸಿದ್ದರೆ ಗಾಬರಿಯಾಗಬೇಡಿ. ತಟ್ಟೆ ತೊಳೆಯುವ ನೀರು ಉಳಿಸೋಕೆ ಹಾಗೆ ಮಾಡುತ್ತಾರೆ.

ಈಗ ನಮ್ಮವರು ಅತಿ ಹೆಚ್ಚು ಮುಖ ಸಿಂಡರಿಸುವ ವಿಷಯ. ಊಟ ಬಿಸಿಯಾಗಿ ಇರುವುದಿಲ್ಲ. ಅನ್ನ ಬಿಸಿ, ಉಲಾಮ್ ಬೆಚ್ಚಗೆ ಇಲ್ಲವೇ ತಣ್ಣಗೆ. ಅಡುಗೆ ಮಾಡುವ ಆತೆ ನಸುಕಿನಲ್ಲಿ ಎದ್ದು, ಮಾರುಕಟ್ಟೆಗೆ ಹೋಗಿ, ಹತ್ತು ಗಂಟೆಯೊಳಗೆ ಏಳೆಂಟು ಬಗೆ ಮಾಡಿ ಇಟ್ಟಿರುತ್ತಾಳೆ. ಮತ್ತೆ ಕಾಯಿಸಿಕೊಡುವುದು ಅಲ್ಲಿ ರೂಢಿಯಲ್ಲಿಲ್ಲ. ಅದೋಬೊ ಅನ್ನುವ ಕೋಳಿ, ಹಂದಿ ಮಾಂಸದ ಅಡುಗೆಯಂಥದ್ದಕ್ಕೆ ವಿನೆಗರ್, ಸೋಯಾ ಸಾಸ್, ಬೆಳ್ಳುಳ್ಳಿ, ಮೆಣಸು ಎಲ್ಲ ಬೀಳುವುದರಿಂದ ಅದು ಬೇಗ ಹಳಸುವುದೂ ಇಲ್ಲ, ನಿಂತಷ್ಟೂ ರುಚಿ ಏರುತ್ತದೆ. ನಮ್ಮ ಹಿಂದಿನ ದಿನದ ಹುಳಿ ಮರುದಿನ ಇನ್ನೂ ಚೆನ್ನಾಗಿರುತ್ತದಲ್ವಾ, ಹಾಗೆ. ನಿಮಗೆ ಬಿಸಿಯೇ ಬೇಕಿದ್ದರೆ ಹನ್ನೊಂದು ಗಂಟೆಗೆ ಹೋಗಿ. ಒಂದು ಗಂಟೆ ದಾಟಿದರೆ ಒಳ್ಳೆಯದೆಲ್ಲ ಖಾಲಿ. ಸಂಜೆಯವರೆಗೆ ನಿಂತ ತೆಂಗಿನ ಹಾಲಿನ ಅಡುಗೆಯನ್ನು ಮಾತ್ರ ನಾನು ಮುಟ್ಟುವುದಿಲ್ಲ. ಜೀಪ್ನಿ (ಅಲ್ಲಿನ ಸಿಟಿ ಬಸ್ಸಿನಂಥದ್ದು), ಟ್ರೈಸಿಕಲ್ (ಅಲ್ಲಿನ ಆಟೊ) ಓಡಿಸುವವರು ಎಲ್ಲಿ ಗಾಡಿ ನಿಲ್ಲಿಸಿ ತಿನ್ನುತ್ತಾರೋ ಅಲ್ಲಿಗೆ ಹೋಗಿ. ಪಾತ್ರೆ ಬೇಗ ಖಾಲಿಯಾಗುವ ಜಾಗ ಅದು.

ಖಾರ ಕಡಿಮೆ ಇರುತ್ತದೆ. ಬಿಕೋಲ್ ಕಡೆಯ ಅಡುಗೆ ಬಿಟ್ಟರೆ ಉಳಿದದ್ದೆಲ್ಲ ಹುಳಿ, ಉಪ್ಪು, ಸಿಹಿ. ಮೇಜಿನ ಮೇಲೆ ಸುಕಾ ಅಂದರೆ ವಿನೆಗರ್, ತೋಯೊ ಅಂದರೆ ಸೋಯಾ ಸಾಸ್, ಪುಟ್ಟ ಕಲಮಾನ್ಸಿ ನಿಂಬೆ, ಸಿಲಿ ಅಂದರೆ ಮೆಣಸಿನಕಾಯಿ ಇರುತ್ತವೆ. ಇವನ್ನು ಒಂದು ಬಟ್ಟಲಲ್ಲಿ ಕಲಸಿಕೊಳ್ಳಿ, ಊಟಕ್ಕೆ ಜೀವ ಬರುತ್ತದೆ. ಮೀನು ತಿನ್ನುವವರಾದರೆ ಮೀನು ಹಾಕಿದ ಸಿನಿಗಾಂಗ್ ಕೇಳಿ. ಹುಣಸೆಹಣ್ಣಿನ ಹುಳಿ ಹಾಕಿದ ತಿಳಿ ಸಾರು, ಮೂಲಂಗಿ ಬದನೆ ಎಲ್ಲ ಇರುತ್ತದೆ. ಮನೆ ನೆನಪಾದ ದಿನ ನನಗೆ ಅದೇ ಬೇಕಾಗುತ್ತಿತ್ತು.

ಸಸ್ಯಾಹಾರಿಗಳು ಇಲ್ಲಿ ನಿಧಾನವಾಗಿ ಓದಿ. "ಗುಲಾಯ್" ಅಂದರೆ ತರಕಾರಿ, ಆದರೆ ಗುಲಾಯ್ ಅಂದ ತಕ್ಷಣ ಮಾಂಸ ಇಲ್ಲ ಅಂತ ಅರ್ಥವಲ್ಲ. ಪಿನಕ್ಬೆಟ್ ನೋಡಿದರೆ ಹಾಗಲಕಾಯಿ, ಬೆಂಡೆ, ಬದನೆ, ಕುಂಬಳ, ಅಲಸಂದೆ, ನಮ್ಮ ಸಂತೆಯೇ ಬಾಣಲೆಯಲ್ಲಿ ಇದ್ದ ಹಾಗೆ. ಆದರೆ ಅದರ ರುಚಿಯೆಲ್ಲ ಬಗೊಓಂಗ್‌ನಿಂದ, ಅಂದರೆ ಉಪ್ಪು ಹಾಕಿ ಹುದುಗಿಸಿದ ಸೀಗಡಿ ಇಲ್ಲವೇ ಮೀನಿನಿಂದ. ಲಾಯಿಂಗ್ ನಮ್ಮ ಕೆಸುವಿನ ಸೊಪ್ಪು, ತೆಂಗಿನ ಹಾಲು, ಕರಾವಳಿಯವರಿಗೆ ನೋಡಿದ ಕೂಡಲೇ ಬಾಯಲ್ಲಿ ನೀರು ಬರುತ್ತದೆ. ಅದರಲ್ಲೂ ಸಾಮಾನ್ಯವಾಗಿ ಒಣಮೀನೋ ಹಂದಿಯೋ ಇರುತ್ತದೆ. ಬಿಟ್ಟಿ ಕೊಡುವ ಸಬಾವ್, ಅಂದರೆ ತಿಳಿಸಾರು, ಬಹುಪಾಲು ಮೂಳೆ ಬೇಯಿಸಿದ ನೀರು. ಹಾಗಾಗಿ "ಇದು ವೆಜ್ಜಾ?" ಅಂತ ಕೇಳಬೇಡಿ. ಒಂದೊಂದಾಗಿ ಕೇಳಿ: "ಮೈ ಬಾಬೊಯ್ ಪೊ ಬಾ?" ಹಂದಿ ಇದೆಯಾ. "ಮೈ ಹಿಪೊನ್ ಪೊ ಬಾ?" ಸೀಗಡಿ ಇದೆಯಾ. "ಮೈ ಪತಿಸ್ ಪೊ ಬಾ?" ಮೀನಿನ ಸಾಸ್ ಇದೆಯಾ. ದನದ ಮಾಂಸಕ್ಕೆ "ಬಾಕಾ", ಕೋಳಿಗೆ "ಮನೋಕ್". ದಿನುಗುವಾನ್ ಅಂತ ಕಪ್ಪಗೆ ಗಟ್ಟಿಯಾಗಿ ಇರುವುದು ಹಂದಿಯ ರಕ್ತದ ಗೊಜ್ಜು, ತಿಳಿದುಕೊಂಡಿರಿ.

ನಿಮ್ಮ ದಿನ ಶುಕ್ರವಾರ. ಶುಕ್ರವಾರ ಮಾಂಸ ಬಿಡುವ ಕ್ಯಾಥೊಲಿಕ್ ರೂಢಿಯಿಂದ ಆ ದಿನ ಬಹಳ ಕಡೆ ಮೊಂಗ್ಗೊ ಮಾಡುತ್ತಾರೆ. ಹೆಸರುಕಾಳು, ಅದಕ್ಕೆ ಮಲುಂಗ್ಗಾಯ್ ಸೊಪ್ಪು. ಮಲುಂಗ್ಗಾಯ್ ಅಂದರೆ ನಮ್ಮ ನುಗ್ಗೆಸೊಪ್ಪು. ಮೊದಲ ಸಲ ಬಟ್ಟಲು ಕೈಗೆ ಬಂದಾಗ ನನ್ನ ಕಣ್ಣು ತುಂಬಿ ಬಂತು. ಆದರೂ ಎರಡನೇ ತುತ್ತಿಗೆ ಹಂದಿಯ ಚೂರು ಸಿಕ್ಕಿತು. ಇದರಲ್ಲಿ ಹಂದಿ ಇದೆ ಅಂತ ಎಲ್ಲರ ಮುಂದೆ ಜೋರಾಗಿ ಹೇಳಿಬಿಟ್ಟೆ. ಆತೆ ಏನೂ ಮಾತಾಡಲಿಲ್ಲ, ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದಳು. ಜೊತೆಗಿದ್ದ ಸಹೋದ್ಯೋಗಿ ಆಮೇಲೆ ಹೇಳಿದ, ಇಲ್ಲಿ "ಹಿಯಾ" ದೊಡ್ಡದು, ನಾಲ್ಕು ಜನರ ಮುಂದೆ ಮಾನ ಹೋಗುವ ಹಾಗೆ ಮಾತಾಡಬಾರದು, ಪಕ್ಕಕ್ಕೆ ಹೋಗಿ ಮೆಲ್ಲಗೆ ಹೇಳಬೇಕು ಅಂತ. ಮರುದಿನ ಹೋಗಿ ಕ್ಷಮೆ ಕೇಳಿದೆ, ನಾನು ಯಾಕೆ ತಿನ್ನುವುದಿಲ್ಲ ಅಂತ ವಿವರಿಸಿದೆ. ಮುಂದಿನ ಶುಕ್ರವಾರದಿಂದ ಮಾಂಸ ಹಾಕುವ ಮೊದಲೇ ಒಂದು ಬಟ್ಟಲು ಮೊಂಗ್ಗೊ ನನಗೆ ಅಂತ ತೆಗೆದಿಡತೊಡಗಿದಳು. ನೀವೂ ಹೀಗೆ ಮಾಡಿ: ಗುರುವಾರವೇ ಹೋಗಿ ಮೆಲ್ಲಗೆ ಕೇಳಿಕೊಳ್ಳಿ. ಸಣ್ಣ ಹೋಟೆಲಿನಲ್ಲಿ ಮಾತ್ರ ಆಗುವ ಕೆಲಸ ಇದು.

ಮೊಟ್ಟೆ ತಿನ್ನುವವರಿಗೆ ದಾರಿ ಸುಲಭ. ತೊರ್ತಾಂಗ್ ತಲೋಂಗ್ ಅಂದರೆ ಸುಟ್ಟ ಬದನೆಕಾಯಿಯ ಆಮ್ಲೆಟ್. "ವಲಾಂಗ್ ಗಿನಿಲಿಂಗ್" ಅಂದರೆ ಖೀಮಾ ಬೇಡ ಅಂತ ಹೇಳಿ ಸಾಕು.

ತಳ್ಳುಗಾಡಿಗಳ ಕಥೆ ಬೇರೆ. ಸಂಜೆ ನಾಲ್ಕರ ಹೊತ್ತಿಗೆ, ಅವರ ಮೆರಿಯೆಂಡಾ ಅಂದರೆ ತಿಂಡಿ ಸಮಯ, ಫಿಶ್‌ಬಾಲ್ ಗಾಡಿ ಬರುತ್ತದೆ. ಬಾಣಲೆಯ ಸುತ್ತ ನಿಂತು ಬಿದಿರು ಕಡ್ಡಿಯಿಂದ ನೀವೇ ಚುಚ್ಚಿಕೊಳ್ಳಬೇಕು, ಎಷ್ಟು ತಿಂದಿರಿ ಅಂತ ನೀವೇ ಲೆಕ್ಕ ಹೇಳಬೇಕು. ನಮ್ಮ ಪಾನಿಪುರಿಯವನ ಹತ್ತಿರ ನಿಂತ ಹಾಗೇ ಇರುತ್ತದೆ. ಕಚ್ಚಿದ ಕಡ್ಡಿಯನ್ನು ಎಲ್ಲರ ಸಾಸಿನ ಡಬ್ಬಕ್ಕೆ ಮತ್ತೆ ಅದ್ದಬೇಡಿ, ಸೌಟಿನಿಂದ ನಿಮ್ಮ ಕಪ್ಪಿಗೆ ಹಾಕಿಕೊಳ್ಳಿ. ಕಿತ್ತಳೆ ಬಣ್ಣದ ಕ್ವೆಕ್-ಕ್ವೆಕ್ ಒಳಗೆ ಗೌಜಲ ಹಕ್ಕಿಯ ಮೊಟ್ಟೆ. ಕೆಂಡದ ಮೇಲೆ ಸುಡುವವರ ಹತ್ತಿರ ಇಸಾವ್ ಅಂದರೆ ಕರುಳು, "ಅಡಿಡಾಸ್" ಅಂದರೆ ಕೋಳಿ ಕಾಲು, "ಬೆಟಾಮ್ಯಾಕ್ಸ್" ಅಂದರೆ ಹೆಪ್ಪುಗಟ್ಟಿಸಿದ ರಕ್ತದ ತುಂಡು, ಹಳೆಯ ವಿಡಿಯೊ ಕ್ಯಾಸೆಟ್ಟಿನ ಹಾಗೆ ಇರುವುದರಿಂದ ಆ ಹೆಸರು. ಬಲೂತ್ ಬಾತುಕೋಳಿಯ ಮೊಟ್ಟೆ, ಒಳಗೆ ಅರ್ಧ ಬೆಳೆದ ಮರಿ ಇರುತ್ತದೆ. ಮಾಂಸ ಬೇಡದವರಿಗೆ ಬೆಲ್ಲದಂತೆ ಕಂದು ಸಕ್ಕರೆ ಅಂಟಿಸಿ ಕರಿದ ಬಾಳೆಹಣ್ಣಿನ ಬನಾನಾ ಕ್ಯೂ, ಗೆಣಸಿನ ಕಮೋಟೆ ಕ್ಯೂ, ಬಾಳೆ ಹಲಸು ಸುತ್ತಿದ ತುರೋನ್ ಇವೆ. ಬೆಳಗ್ಗೆ "ತಹೋ" ಅಂತ ಕೂಗುತ್ತಾ, ಹೆಗಲ ಮೇಲಿನ ಅಡ್ಡೆಯಲ್ಲಿ ಎರಡು ಅಲ್ಯೂಮಿನಿಯಂ ಬಕೆಟ್ ತೂಗಿಸಿಕೊಂಡು ಬರುವವರನ್ನು ಬಿಡಬೇಡಿ. ಬಿಸಿ ಮೆದು ತೋಫು, ಮೇಲೆ ಸಕ್ಕರೆ ಪಾಕ, ಸಾಬಕ್ಕಿ.

ಸೆಬು ಅನ್ನುವ ದ್ವೀಪದಲ್ಲಿ ಪುಂಗ್ಕೊ-ಪುಂಗ್ಕೊ ಅಂತ ಇನ್ನೊಂದು ಬಗೆ. ಗಿಡ್ಡ ಬೆಂಚು, ಮುಂದೆ ಕರಿದದ್ದರ ರಾಶಿ, ತೆಂಗಿನ ಗರಿ ಹೆಣೆದು ಅದರೊಳಗೆ ಬೇಯಿಸಿದ ಅನ್ನ. ಆ ಅನ್ನಕ್ಕೆ ಪುಸೊ ಅನ್ನುತ್ತಾರೆ. ಬೇಕಾದ್ದು ತಿಂದು ಕೊನೆಗೆ ಲೆಕ್ಕ. ದಾವಾವ್‌ನಲ್ಲೂ ಸೆಬುವಿನ ಭಾಷೆಯೇ ಹೆಚ್ಚು, ಬೆಲೆ ಕೇಳೋಕೆ "ತಗ್ಪಿಲಾ?" ಅನ್ನಿ. ರುಚಿಯಾಗಿದೆ ಅನ್ನೋಕೆ "ಲಮಿ".

ದುಡ್ಡಿನ ವಿಷಯ. ಚಿಲ್ಲರೆ ಇಟ್ಟುಕೊಳ್ಳಿ. ಬೆಳಗ್ಗೆ ಸಾವಿರ ಪೆಸೊ ನೋಟು ಚಾಚಿದರೆ ಆಕೆ ಪಕ್ಕದ ಮೂರು ಅಂಗಡಿಗೆ ಓಡಬೇಕು. ಒಂದು ಪೆಸೊ ಸುಮಾರು ಒಂದೂವರೆ ರೂಪಾಯಿ. ಚೌಕಾಸಿ ಬೇಡ, ಇದು ಬಟ್ಟೆ ಅಂಗಡಿಯಲ್ಲ. ಜಿಕ್ಯಾಶ್ ಅನ್ನುವ ಮೊಬೈಲ್ ಪಾವತಿ ಹಲವು ಕಡೆ ನಡೆಯುತ್ತದೆ, ಆದರೂ ಟೂರ್ ಹೋದವರಿಗೆ ನಗದೇ ಸುಲಭ. ದೂರದಿಂದ ಬಿಲ್ ಕೇಳಬೇಕಿದ್ದರೆ ಗಾಳಿಯಲ್ಲಿ ಬೆರಳಿನಿಂದ ಚೌಕ ಬರೆದು ತೋರಿಸುತ್ತಾರೆ. ಪ್ರಶ್ನೆಗೆ ಹುಬ್ಬು ಎತ್ತಿದರೆ "ಹೌದು" ಅಂತ. ತುಟಿ ಮುಂದೆ ಮಾಡಿದರೆ ಆ ಕಡೆ ನೋಡಿ ಅಂತ.

ತಿನ್ನುತ್ತಿರುವವರು ನಿಮ್ಮನ್ನು ನೋಡಿ "ಕಾಯಿನ್ ಪೊ" ಅನ್ನಬಹುದು. ನಮ್ಮ ಹಳ್ಳಿಯಲ್ಲಿ "ಬನ್ನಿ, ಊಟ ಮಾಡಿ" ಅನ್ನುವ ಹಾಗೆ. ಹೋಗಿ ಅವರ ತಟ್ಟೆಗೆ ಕೈ ಹಾಕಬೇಡಿ, ಸುಮ್ಮನಿರಲೂಬೇಡಿ. "ಸಲಾಮತ್ ಪೊ" ಅಂತ ನಕ್ಕು ಹೇಳಿ.

ಊಟ ಆದ ಮೇಲೆ ಫೋನಿನಲ್ಲಿ ರಿವ್ಯೂ ಬರೆಯುವವರಿಗೆ ಒಂದು ಕೇಳಿಕೆ. "ಊಟ ತಣ್ಣಗಿತ್ತು, ಮೆನು ಇರಲಿಲ್ಲ" ಅಂತ ಒಂದು ಸ್ಟಾರ್ ಕೊಡಬೇಡಿ. ಇಂಥ ಅಂಗಡಿಗೆ ಇರುವುದೇ ಹತ್ತಿಪ್ಪತ್ತು ರಿವ್ಯೂ, ನಿಮ್ಮ ಒಂದು ಸ್ಟಾರ್ ಅಲ್ಲಿ ಬಹಳ ಭಾರ. ಎಷ್ಟು ಗಂಟೆಗೆ ಹೋದಿರಿ, ಯಾವುದರಲ್ಲಿ ಮಾಂಸ ಇರಲಿಲ್ಲ, ಯಾವ ದಿನ ಏನು ಮಾಡುತ್ತಾರೆ, ಕೈ ತೊಳೆಯೋಕೆ ನೀರಿತ್ತಾ, ಇದನ್ನು ಬರೆಯಿರಿ. ನೊಣ ಮುತ್ತಿದ್ದರೆ, ಹಳಸಿದ್ದರೆ ಅದನ್ನೂ ಖಂಡಿತ ಬರೆಯಿರಿ. ಅಡುಗೆ ಮಾಡುವವರ ಫೋಟೊ ಹಾಕುವ ಮೊದಲು ಕೇಳಿ.

ಒಂದೇ ಜಾಗಕ್ಕೆ ದಿನಾ ಹೋದರೆ ನೀವು "ಸುಕಿ" ಆಗುತ್ತೀರಿ, ಅಂದರೆ ಖಾಯಂ ಗಿರಾಕಿ. ಸಂಬಳ ತಡವಾದ ವಾರ ನನ್ನ ಊಟ ಆಕೆಯ ಹಳೆಯ ನೋಟ್‌ಬುಕ್ಕಿನಲ್ಲಿ ಲೆಕ್ಕವಾಗಿ ನಡೆಯಿತು. ಕೊನೆಯ ಶುಕ್ರವಾರ, ಊರಿಗೆ ಹೊರಡುವ ಹಿಂದಿನ ದಿನ, ಮೊಂಗ್ಗೊ ಬಟ್ಟಲು ಮಾಮೂಲಿ ಜಾಗದಲ್ಲೇ ಮುಚ್ಚಿಟ್ಟಿತ್ತು. ಆ ದಿನ ಆಕೆ ಕಾಸು ತೆಗೆದುಕೊಳ್ಳಲಿಲ್ಲ.